ತಾಲೂಕು ಆಸ್ಪತ್ರೆಯೂ ತೆರೆಯ ಮೇಲಿನ ವೈದ್ಯರೂ

ಸವಡಿಯ ರೈತನೊಬ್ಬನು ಎದೆನೋವಿನಿಂದ ಬಳಲಿ ರೋಣದ ತಾಲೂಕು ಆಸ್ಪತ್ರೆಗೆ ಬಂದು, ಮಂಚದ ಮೇಲೆ ಮಲಗಿದೊಡನೆ ಅವನ ಹೃದಯವು ನಿಂತಿತೆಂದು ಎಣಿಸೋಣ. ಬಳಿಯಲ್ಲಿರುವವರು ಪಾಳಿಯ ವೈದ್ಯರೊಬ್ಬರು, ದಾದಿಯರಿಬ್ಬರು. ಹೃದ್ರೋಗತಜ್ಞರು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುವರು. ಅವರನ್ನು ವಿಡಿಯೋ ತೆರೆಯ ಮೇಲೆ ಬರಮಾಡಿಕೊಂಡು ಅವರ ಮಾತಿನಂತೆ ನಡೆದರೆ ಸಾಕೇ, ಅಥವಾ ಬದಿಯಲ್ಲಿ ನಿಂತು ನಡೆಸುವ ಅನುಭವಿಗಳೇ ಬೇಕೇ?

ತೆರೆಯನ್ನು ಹಳಿಯುವದು ನಮ್ಮ ಉದ್ದೇಶವಲ್ಲ. 2021ರ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡ ಪುನೀತ್ ರಾಜಕುಮಾರರ ಹೆಸರಿನಿಂದ ರಾಜ್ಯ ಸರಕಾರವು ತೊಡಗಿದ ಹೃದಯಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವರು. ಇದು ಸ್ತುತ್ಯವಾದ ಕಾರ್ಯ. ಆದರೆ ಇ.ಸಿ.ಜಿ. ಎಂಬುದು ಕಾಗದದ ಮೇಲಿನ ಗೆರೆ. ರೋಣದಲ್ಲಿ ಕಂಡಂತೆಯೇ ಬೆಂಗಳೂರಿನಲ್ಲಿಯೂ ಕಾಣುವದು. ನಿಂತ ಹೃದಯವನ್ನು ನಡೆಯಿಸುವ ಕೆಲಸವು ಅಂಥದಲ್ಲ.

ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಅದು ಪೂರ್ತಿಯಾಗಿ ಮೇಲೇಳಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಇವುಗಳಲ್ಲಿ ವೇಗವನ್ನೂ ಹೊತ್ತನ್ನೂ ದೂರದವರು ಎಣಿಸಬಲ್ಲರು. ಕೈಹಾಕದೆ ನೋಡುವವರಾದುದರಿಂದ, ಗಡಿಬಿಡಿಯಲ್ಲಿ ಮರೆತ ಔಷಧವನ್ನು ನೆನಪಿಸುವದರಲ್ಲಿ ಅವರೇ ಮೇಲೆಂದರೂ ತಪ್ಪಿಲ್ಲ. ಆದರೆ ಒಂದೇ ಕಡೆಯಿಂದ ನೋಡುವ ಕ್ಯಾಮರಾಕ್ಕೆ ಆಳವು ಸರಿಯಾಗಿ ತಿಳಿಯದು. ಮುಖಕವಚದ ಅಂಚಿನಿಂದ ಸೋರುವ ಗಾಳಿ, ದಣಿದ ದಾದಿಯ ನಡುಗುವ ತೋಳು, ಇವು ಬದಿಯಲ್ಲಿದ್ದವರಿಗೇ ಮೊದಲು ಗೊತ್ತಾಗುವವು. ಅವರು ಮಾತಿಲ್ಲದೆಯೇ ಕೈಯನ್ನು ತಿದ್ದುವರು. ಲಯಗೆಟ್ಟು ನಿಂತ ಹೃದಯಕ್ಕೆ ಒತ್ತುವಿಕೆಯೂ ವಿದ್ಯುತ್ತಿನ ಆಘಾತವೂ ದೊರೆಯದೆ ಕಳೆದ ಒಂದೊಂದು ನಿಮಿಷಕ್ಕೂ ರೋಗಿಯು ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಇಳಿಯುವದು. ಸಂಪರ್ಕ ಕೂಡಲೆಂದು ಕಾಯುತ್ತ ನಿಲ್ಲಲು ಇಲ್ಲಿ ಹೊತ್ತೆಲ್ಲಿದೆ?

ಭಾಷೆಯ ಮಾತನ್ನೂ ಹೇಳದೆ ಇರಲಾರೆವು. ತೆರೆಯಿಂದ ಬರುವ ಅಪ್ಪಣೆಯು ಕನ್ನಡದಲ್ಲಿರತಕ್ಕದ್ದು. "ಇನ್ನೂ ಆಳಕ್ಕೆ ಒತ್ತಿರಿ, ಈಗ ಬದಲಾಗಿರಿ" ಎನ್ನುವಷ್ಟು ಕನ್ನಡ ಬಾರದವರನ್ನು ಆ ಪೀಠದಲ್ಲಿ ಕೂಡ್ರಿಸುವದು, ಅವರು ಎಷ್ಟೇ ದೊಡ್ಡ ಪಂಡಿತರಾಗಿರಲಿ, ರೋಗಿಯ ಪ್ರಾಣದೊಡನೆ ಆಡುವ ಆಟವೇ ಸರಿ.

ನಮ್ಮ ದೊಡ್ಡ ಭಯವು ಬೇರೆಯೇ ಇದೆ. ಯಂತ್ರವು ಬಂದಿತೆಂಬ ನೆವದಿಂದ ಮನುಷ್ಯರ ಹುದ್ದೆಗಳನ್ನು ಖಾಲಿ ಬಿಡುವ ಚಾಳಿಯು ಸರಕಾರಗಳಿಗೆ ಹೊಸದಲ್ಲ. ತೆರೆಯು ನುರಿತವರಿಗೆ ನೆರವಾದೀತು, ನುರಿತವರ ಬದಲಿಯಾಗಲಾರದು. ತಾಲೂಕು ಆಸ್ಪತ್ರೆಯ ಪ್ರತಿ ಪಾಳಿಯಲ್ಲಿಯೂ ಈ ಕೆಲಸವನ್ನು ನಡೆಸಬಲ್ಲ ಒಬ್ಬರು ಇರಲೇಬೇಕು. ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ತಿಂಗಳಿಗೊಮ್ಮೆಯಾದರೂ ರೋಣಕ್ಕೆ ಬಂದು, ಗೊಂಬೆಯ ಮೇಲೆ ಎಲ್ಲರಿಂದ ಅಭ್ಯಾಸ ಮಾಡಿಸಲಿ. ಮುಂದೆ ತೆರೆಯ ಮೇಲೆ ಅವರದೇ ಮುಖವು ಕಾಣಲಿ. ಪರಿಚಯದ ದನಿಗೆ ಕೈಗಳು ಬೇಗ ಓಗೊಡುವವು. ಸಂಪರ್ಕವು ನಡುವೆ ಕಡಿದರೆ ಯಾರ ಅಪ್ಪಣೆಯು ನಡೆಯತಕ್ಕದ್ದೆಂಬುದನ್ನು ಗೋಡೆಯ ಮೇಲೆ ಮೊದಲೇ ಬರೆದಿಡಲಿ. ಇದಕ್ಕೆ ಬೇಕಾದದ್ದು ಒಂದು ಗೊಂಬೆ, ಒಂದು ವಾಹನ, ತಿಂಗಳಿಗೊಂದು ದಿನ. ಜಿಲ್ಲಾ ಆರೋಗ್ಯಾಧಿಕಾರಿಗಳು ಹೊಸ ಯಂತ್ರಗಳ ಬೇಡಿಕೆಯನ್ನು ಬರೆಯುವ ಮೊದಲು ಈ ಏರ್ಪಾಟನ್ನು ತೊಡಗಬೇಕೆಂದು ನಾವು ಆಗ್ರಹಪಡಿಸುವೆವು.