ಕಂಪ್ಯೂಟರ್ ಹೋಗಿದೆ ಸಾರ್!

‘ಕಂಪ್ಯೂಟರ್ ಹೋಗಿದೆ ಸಾರ್.’ ಕಾರು ರಿಪೇರಿಗೆ ಬಿಟ್ಟವರ ಬಾಯಿ ಮುಚ್ಚಿಸಲು ಈಗ ಇಷ್ಟು ಸಾಕು. ಹೇಗೆ ಗೊತ್ತಾಯಿತು ಎಂದರೆ ‘ಸ್ಕ್ಯಾನರ್ ತೋರಿಸ್ತಿದೆ’ ಎನ್ನುತ್ತಾರೆ. ನನ್ನ ತಕರಾರಿರುವುದು ಈ ಉತ್ತರದ ಮೇಲೆ.

ಅಪ್ಪ ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಪೆಟ್ರೋಲ್ ಕಾರು ನಮ್ಮದು. ಆಗುಂಬೆ ಘಾಟಿಯ ಮಂಜಿಗೆಂದು ಮೊದಲಿನ ಮಾಲೀಕರು ದೊಡ್ಡ ಫಾಗ್ ಲೈಟು ಹಾಕಿಸಿದ್ದರು. ಕಳೆದ ಮಳೆಗಾಲದಲ್ಲಿ ಅದಕ್ಕೆ ಹುಚ್ಚು ಹಿಡಿಯಿತು. ಕತ್ತಲಾದ ಮೇಲೆ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ತಾನೇ ಏರಿ ಇಳಿಯುತ್ತಿತ್ತು. ಸರ್ವಿಸ್ ಸೆಂಟರಿನಲ್ಲಿ ಪಿ 0121 ಎಂಬ ಕೋಡ್ ಬಂತು. ಥ್ರಾಟಲ್ ಸೆನ್ಸರ್ ಬದಲಿಸಿದರು. ಮತ್ತೆ ಅದೇ ಕತೆ. ಹಾಗಾದರೆ ಇಸಿಯು ಹೋಗಿದೆ, 38,000 ರೂಪಾಯಿ ಅಂದರು. ‘ಮಾಡಿಫೈ ಮಾಡಿದ ಗಾಡಿ, ಗ್ಯಾರಂಟಿ ಇಲ್ಲ’ ಎಂದೂ ಸೇರಿಸಿದರು. ಫೆಲೋಶಿಪ್ಪಿಗೆ ತಿಂಗಳುಗಟ್ಟಲೆ ಕಾಯುವವನು ನಾನು.

ಆ ಕೋಡ್ ಹೇಳುವುದು ಇಷ್ಟೇ: ಥ್ರಾಟಲ್ ಸೆನ್ಸರಿನ ಸರ್ಕ್ಯೂಟಿನಿಂದ ಬರುತ್ತಿರುವ ಸಂಕೇತ ನಂಬುವ ಹಾಗಿಲ್ಲ. ಸರ್ಕ್ಯೂಟ್ ಎಂದರೆ ಸೆನ್ಸರ್, ಮೂರು ವೈರು, ಕನೆಕ್ಟರ್, ಅರ್ತ್, ಇಸಿಯು ಎಲ್ಲವೂ. ಒಂದು ವೈರಿನಲ್ಲಿ 5 ವೋಲ್ಟ್ ಹೋಗುತ್ತದೆ, ಇನ್ನೊಂದು ಅರ್ತ್, ಮೂರನೆಯದು ಸಿಗ್ನಲ್. ಇಂಥ ಸೆನ್ಸರುಗಳಲ್ಲಿ ಥ್ರಾಟಲ್ ಮುಚ್ಚಿದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ 4.5ರ ಆಸುಪಾಸು. ಕೆಲವು ನೂರು ರೂಪಾಯಿಯ ಮಲ್ಟಿಮೀಟರಿನಲ್ಲಿ ಐದು ನಿಮಿಷದ ಕೆಲಸ. ಅವರು ಅಳೆದೇ ಇರಲಿಲ್ಲ.

ಅಳೆದದ್ದು ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್. ಎಂಜಿನ್ ಆನ್ ಮಾಡಿ ಸಿಗ್ನಲ್ ವೈರಿಗೆ ಮೀಟರ್ ಹಿಡಿದರು. 0.5. ಸರಿಯಾಗೇ ಇದೆ. ‘ಸಂಜೆ ಮಾತ್ರ ಅಂದ್ರಲ್ಲ, ಆ ಲೈಟ್ ಹಾಕಿ ನೋಡಾಣ’ ಅಂದರು. ಹಾಕಿದೆ. 1.1ಕ್ಕೆ ಜಿಗಿಯಿತು, ಎಂಜಿನ್ನೂ ಕೂಗಿತು. ಸೆನ್ಸರಿನ ಅರ್ತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.1 ವೋಲ್ಟೂ ಇರಬಾರದ ಕಡೆ 0.6 ಇತ್ತು. ಫಾಗ್ ಲೈಟಿನ ಅರ್ತನ್ನು ಯಾರೋ ಪುಣ್ಯಾತ್ಮ ಸೆನ್ಸರಿನ ಅರ್ತ್ ವೈರಿಗೇ ಸುತ್ತಿ ಟೇಪ್ ಹಾಕಿದ್ದ; ಬಾಡಿಗೆ ಸೇರುವ ಬೋಲ್ಟು ತುಕ್ಕು ಹಿಡಿದಿತ್ತು. ಲೈಟು ಉರಿದಾಗಲೆಲ್ಲ ಯಾರೋ ಆಕ್ಸಿಲರೇಟರ್ ಒತ್ತುತ್ತಿದ್ದಾರೆಂದು ಇಸಿಯು ನಂಬುತ್ತಿತ್ತು. ವೈರು ಬೇರೆ ಮಾಡಿ, ಬೋಲ್ಟು ಉಜ್ಜಿ, 400 ರೂಪಾಯಿ ತೆಗೆದುಕೊಂಡರು.

ತಪ್ಪು ಮಾಡಿಫಿಕೇಶನ್ನಿನದೇ, ಒಪ್ಪಿದೆ. ಆದರೆ ಕಂಪನಿಯ ವೈರಿಂಗ್ ಬದಲಾದ ಗಾಡಿಯನ್ನೇ ಅಲ್ಲವೇ ಹೆಚ್ಚು ಅಳೆಯಬೇಕಾದ್ದು? ‘ಮಾಡಿಫೈ ಗಾಡಿ’ ಎಂಬುದು ಅಲ್ಲಿ ಪರೀಕ್ಷೆ ಮಾಡದಿರಲು ಪರವಾನಗಿಯಾಗಿತ್ತು. ಅಳೆಯುವವರ ಕೈಯಲ್ಲೋ ವೈರಿಂಗ್ ನಕ್ಷೆಯಿಲ್ಲ. ಆ ಮೆಕ್ಯಾನಿಕ್ ವೈರುಗಳ ಬಣ್ಣವನ್ನು ನೆನಪಿನಿಂದಲೇ ಹೇಳುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಕಾರು ರಿಪೇರಿ ಮಾಹಿತಿಯ ಹಕ್ಕಿಗೆ ಮತ ಹಾಕಿದರು. ನಮ್ಮಲ್ಲಿ 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ನಾನು ನಕ್ಷೆ ಕೇಳಿದಾಗ ಸಿಕ್ಕಿದ್ದು ‘ಹೊರಗಿನವರಿಗೆ ಕೊಡಲ್ಲ’ ಎಂಬ ಉತ್ತರ. ಕಾರು ಮಾತ್ರ ನಮ್ಮದು!

ಇತಿಹಾಸದ ವಿದ್ಯಾರ್ಥಿಗೆ ಇದೆಲ್ಲ ಯಾಕೆ ಎಂದು ಗೆಳೆಯರು ನಗುತ್ತಾರೆ. ಮೂಲ ಶಾಸನ ನೋಡದೆ ಅಧ್ಯಾಯ ಬರೆದರೆ ನನ್ನ ಗೈಡ್ ಅದನ್ನು ಮುಖಕ್ಕೆ ಎಸೆಯುತ್ತಾರೆ.

ಬಿಚ್ಚಿಟ್ಟ ಹಳೆಯ ಸೆನ್ಸರನ್ನು ಹಿಡಿದು ಸರ್ವಿಸ್ ಸೆಂಟರಿಗೆ ಹೋದೆ. ಬದಲಿಸುವ ಮುನ್ನ ಅಳೆದಿದ್ದರೆ ಆ ವೋಲ್ಟೇಜನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದೆ. ಕೌಂಟರಿನ ಹುಡುಗ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ.

‘ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಸಾರ್.’