ಹಾಡಿದವರ ಹೆಸರು

ಕೂಡ್ಲಿಗಿಯ ಕಡೆಯ ನಮ್ಮ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನಿಗೆ, ರಜೆಯ ಎರಡು ತಿಂಗಳು ಧ್ವನಿಮುದ್ರಣದ ಕಂಪನಿಯೊಂದರಲ್ಲಿ ಕೆಲಸ ಕಲಿಯುವ ಅವಕಾಶವು ದೊರೆತಿದೆಯಂತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಲ್ಲಿ ತಿರುಗಿ, ಹೊಸ ಕಂಠಗಳನ್ನು ಹುಡುಕಿ, ಹಾಡನ್ನು ಮೊಬೈಲಿನಲ್ಲಿ ಹಿಡಿದು ಕಳುಹಿಸತಕ್ಕದ್ದು. ಮೊದಲನೆಯ ವಾರದಲ್ಲಿಯೇ ವೃದ್ಧೆಯೊಬ್ಬಳು ಚೌಡಿಕೆ ನುಡಿಸುತ್ತ ಎಲ್ಲಮ್ಮನ ಪದವನ್ನು ಹಾಡಿದಳು. ಹುಡುಗನು ಕಂಪನಿಯ ಅಚ್ಚಿನ ಕಾಗದವನ್ನು ಮುಂದಿಟ್ಟನು, ಆಕೆ ಹೆಬ್ಬೆಟ್ಟನ್ನೊತ್ತಿದಳು. “ಇದರಲ್ಲಿ ನಮ್ಮ ಹುಡುಗನದೇನಾದರೂ ತಪ್ಪುಂಟೆ?” ಎಂಬುದು ತಂದೆಯವರ ಪ್ರಶ್ನೆ.

ಕಂಠಗಳನ್ನು ಹುಡುಕುವ ಕೆಲಸವು ಹೊಸದಲ್ಲ. 1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಯಂತ್ರಗಳೊಡನೆ ಕಲ್ಕತ್ತೆಗೆ ಬಂದರು. ಅಂದು ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿಸಿದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಪ್ಲೇಟು ಒತ್ತಿಸಬೇಕಾಗಿದ್ದುದರಿಂದ, ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲಿ ಎಂಬುದೇ ಕಾರಣ. ನಮಗಿದು ವಿಚಿತ್ರವಾಗಿ ತೋರಬೇಕಾಗಿಲ್ಲ. ಹರಪನಹಳ್ಳಿ ಭೀಮವ್ವನವರ ಹಾಡುಗಳನ್ನು ನಮ್ಮ ಮನೆಗಳ ಹೆಂಗಸರು ಇಂದಿಗೂ ಹಾಡುತ್ತಾರೆ; ‘ಭೀಮೇಶಕೃಷ್ಣ’ ಎಂಬ ಅಂಕಿತವು ಬಂದೊಡನೆ ಹಾಡು ಯಾರದೆಂದು ಕೇಳಬೇಕಾಗಿಯೇ ಇಲ್ಲ.

ಹುಡುಕಿದವರಿಂದ ಉಪಕಾರವಾದುದೂ ಉಂಟು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠವನ್ನು ಮೆಚ್ಚಿ ಕವ್ವಾಲಿ ಹಾಡಿಸಿದವರು ಎಚ್.ಎಂ.ವಿ. ಕಂಪನಿಯ ಪ್ರತಿನಿಧಿಯೊಬ್ಬರೇ. ಆದರೆ ಅಂದಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಇರುಳೆಲ್ಲ ಹಾಡುವ ಕಥೆಗಳು ಅದಕ್ಕೆ ಒಗ್ಗುವಂತಿರಲಿಲ್ಲ. ಇಂದು ಯಂತ್ರಕ್ಕೆ ಆ ಮಿತಿಯಿಲ್ಲ. ಕೇಳುವವರ ತಾಳ್ಮೆಯೇ ಅರ್ಧ ನಿಮಿಷಕ್ಕಿಳಿದಿದೆ! ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಬುರ್‍ರಕಥೆಯಾಗಿ ಅವರು ಹಾಡುತ್ತಿದ್ದ ಮಹಾಕಾವ್ಯಗಳನ್ನು ಕೂತು ಕೇಳಿ ಪುಸ್ತಕಕ್ಕೆ ಇಳಿಸಿದವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರ ಬಳಿ ಕಲಿತು, ಊರೂರು ತಿರುಗಿ ಹಾಡಿ ಕುಣಿದವರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ತಲೆಯ ಮೇಲೆ ಕೊಡವನ್ನು ಹೊತ್ತು ಆಡುವ ಆ ಕಲೆಯು ಅರ್ಧ ನಿಮಿಷದ ತುಣುಕಿನಲ್ಲಿ ಎಷ್ಟು ಸಿಕ್ಕೀತು? ಆದುದರಿಂದ ಹುಡುಗನು ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದಲ್ಲಿ, ಗೊರವರ ಡಮರುಗವನ್ನು ಮೊದಲು ಬರಿಗಿವಿಯಿಂದ ಕೇಳಲಿ. ಮೊಬೈಲು ಆಮೇಲೆ.

ಇನ್ನು ಆ ಕಾಗದದ ವಿಚಾರ. ಪದವು ಹಿಂದಿನಿಂದ ಬಂದದ್ದು, ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಕಂಪನಿಯವರು ಹೇಳಬಹುದು. ಪದವು ಹಾಗೆಯೇ ಇರಲಿ, ಹಾಡಿಕೆಯು ಆಕೆಯದು. 1957ರ ಕೃತಿಸ್ವಾಮ್ಯದ ಕಾಯಿದೆಯನ್ನು 1994ರಲ್ಲಿಯೂ 2012ರಲ್ಲಿಯೂ ತಿದ್ದಿ, ಹಾಡುವವರಿಗೇ ಪ್ರತ್ಯೇಕವಾದ ಹಕ್ಕನ್ನು ಕೊಟ್ಟಿದ್ದಾರೆ. ಈ ಹಕ್ಕು 50 ವರ್ಷ ಬಾಳುತ್ತದೆ. ಹಾಡಿಕೆಯನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿಯು ಸಲ್ಲಬೇಕು. ಹಾಡಿದವರು ತಾವೇ ಎಂದು ಹೆಸರಿಸಬೇಕೆಂದು ಕೇಳುವುದಕ್ಕೂ ಅವರಿಗೆ ಅಧಿಕಾರವಿದೆ. ಅಕ್ಷರ ಬಾರದವಳಿಂದ, ಓದಿ ಹೇಳದೆಯೇ ಹೆಬ್ಬೆಟ್ಟನ್ನು ಒತ್ತಿಸಿಕೊಂಡದ್ದು ಸರಿಯಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ. ಹುಡುಗನಲ್ಲಿ ಕಪಟವಿತ್ತೆಂದು ನಾವು ಎಣಿಸುವುದಿಲ್ಲ. ಆ ಕಾಗದವನ್ನು ಅವನೂ ಓದಿರಲಿಕ್ಕಿಲ್ಲ.

ರಜೆಯಿನ್ನೂ ಮುಗಿದಿಲ್ಲವಷ್ಟೆ. ಅವನು ಮತ್ತೊಮ್ಮೆ ಬಸ್ಸು ಹತ್ತಿ ಆ ಊರಿಗೆ ಹೋಗಲಿ. ಕಾಗದದಲ್ಲಿರುವುದನ್ನು ಆಕೆಯ ಮಕ್ಕಳ ಎದುರಿನಲ್ಲಿ ಮನೆಮಾತಿನಲ್ಲಿ ಓದಿ ಹೇಳಲಿ. ಆಕೆ ಒಲ್ಲೆನೆಂದರೆ ಹಾಡನ್ನು ಹಿಂತೆಗೆದುಕೊಳ್ಳುವಂತೆ ಕಂಪನಿಗೆ ಬರೆಯಲಿ. ಒಪ್ಪಿದರೆ ಆಕೆಯ ಹೆಸರನ್ನೂ ಊರನ್ನೂ ಆಕೆ ಹೇಳಿದಂತೆಯೇ ಬರೆದುಕೊಂಡು, ಕಾಗದದ ಒಂದು ಪ್ರತಿಯನ್ನು ಅವರ ಮನೆಯಲ್ಲಿಯೇ ಬಿಟ್ಟುಬರಲಿ.