ಬಿಡಿ ಗುಳಿಗೆಯ ನಿಜವಾದ ಬೆಲೆ

ಪಾಳಿ ಮುಗಿಸಿ ಬರುವ ಗಿರಣಿ ಕಾರ್ಮಿಕರಿಗೂ, ದಿನವಿಡೀ ಅಂಗಡಿಯಲ್ಲಿ ನಿಲ್ಲುವ ಸಣ್ಣ ವರ್ತಕರಿಗೂ ಸೊಂಟನೋವು, ಮಂಡಿನೋವು ಹೊಸದಲ್ಲ. ವೈದ್ಯರ ಬಳಿಗೆ ಹೋದರೆ ಅರ್ಧ ದಿನದ ಕೂಲಿಯೋ ವ್ಯಾಪಾರವೋ ಹೋಯಿತು. ಆದುದರಿಂದ ಔಷಧಿ ಅಂಗಡಿಯಲ್ಲಿ "ನೋವಿಗೆ ಎರಡು ಗುಳಿಗೆ ಕೊಡಿ" ಎಂದು ಕೇಳುವುದೇ ರೂಢಿಯಾಗಿದೆ. ಈ ರೂಢಿಯನ್ನು ಕುರಿತು ಎಚ್ಚರಿಸುವುದು ನಮ್ಮ ಕರ್ತವ್ಯ.

ಹಾಗೆ ಸಿಗುವ ಗುಳಿಗೆಗಳಲ್ಲಿ ಡೈಕ್ಲೋಫೆನಾಕ್ ಒಂದು. ಅದು ಒಳ್ಳೆಯ ಔಷಧವೇ. ಉಳುಕು, ಬಾವು, ಕೀಲುನೋವುಗಳಿಗೆ ವೈದ್ಯರೂ ಬರೆದುಕೊಡುತ್ತಾರೆ. ಆದರೆ ದೇಹದಲ್ಲಿ ನೋವು, ಬಾವುಗಳನ್ನು ಹೆಚ್ಚಿಸುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತುವೇ ಜಠರದ ಒಳಪೊರೆಯನ್ನೂ ಕಾಯುತ್ತದೆ, ಮೂತ್ರಪಿಂಡಗಳಿಗೆ ರಕ್ತ ಹರಿಯಲೂ ನೆರವಾಗುತ್ತದೆ. ಗುಳಿಗೆ ಅದರ ಉತ್ಪತ್ತಿಯನ್ನು ತಡೆದಾಗ ನೋವೂ ತಗ್ಗುತ್ತದೆ, ಕಾವಲೂ ತಪ್ಪುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡ ಕೆಡಬಹುದು. ಸೆಕೆಯಲ್ಲಿ ಬೆವರು ಸುರಿಸಿ, ಸಾಕಷ್ಟು ನೀರು ಕುಡಿಯದೆ ದುಡಿಯುವವರಿಗೂ ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರಿಗೂ ಅಪಾಯ ಇನ್ನೂ ಹೆಚ್ಚು. ಮಲ ಕಪ್ಪಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ಗುಳಿಗೆ ನಿಲ್ಲಿಸಿ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

1945ರ ಔಷಧ ನಿಯಮಗಳ ಎಚ್ ಅನುಸೂಚಿಯಂತೆ ಈ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಅರ್ಥವೂ ಅದೇ. ಎರಡು ಗುಳಿಗೆ ಕತ್ತರಿಸಿ ಕೊಟ್ಟಾಗ ಎಚ್ಚರಿಕೆಯ ಮಾತು ಅಂಗಡಿಯಲ್ಲೇ ಉಳಿಯುತ್ತದೆ. ಗುಳಿಗೆ ಮಾತ್ರ ದುಡಿಯುವವನ ಹೊಟ್ಟೆ ಸೇರುತ್ತದೆ. ಔಷಧಿ ವರ್ತಕರೂ ನಮ್ಮವರೇ. ಗಿರಾಕಿ ತಪ್ಪಿಹೋದಾನೆಂಬ ಅಂಜಿಕೆಯಿಂದ ನಿಯಮ ಮುರಿಯುವುದು ಅವರಿಗೆ ಶೋಭಿಸದು.

ಆದರೆ ಕೊಳ್ಳುವವರನ್ನೂ ಮಾರುವವರನ್ನೂ ದೂರಿದರಷ್ಟೇ ಸಾಲದು. ವಿಶ್ರಾಂತಿ ಬೇಕಾದ ಮೈಗೆ ಗುಳಿಗೆ ನುಂಗಿಸುತ್ತಿರುವುದು ಕೂಲಿ ತಪ್ಪೀತೆಂಬ ಭಯ. ಇ.ಎಸ್.ಐ. ವಿಮೆಗೊಳಪಟ್ಟ ಕಾರ್ಮಿಕರ ಸಂಬಳದಲ್ಲಿ ವಂತಿಗೆ ಮುರಿದುಕೊಳ್ಳಲಾಗುತ್ತದೆ. ನಿಗದಿಯಾದಷ್ಟು ದಿನಗಳ ವಂತಿಗೆ ಸಂದಿದ್ದರೆ, ವಿಮಾ ವೈದ್ಯರು ವಿಶ್ರಾಂತಿ ಬರೆದುಕೊಟ್ಟಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಹಣ ಸಿಗುತ್ತದೆ. ಇದು ಮಾಲೀಕರ ದಯೆಯಲ್ಲ, ಕಾರ್ಮಿಕರ ಹಕ್ಕು. ಸಂಘಗಳು ಪ್ರತಿಯೊಬ್ಬ ಸದಸ್ಯನಿಗೂ ಇದನ್ನು ತಿಳಿಸಿ, ಅರ್ಜಿ ಬರೆಸಿಕೊಡಬೇಕು.

ಸ್ವಂತ ಅಂಗಡಿ ನಡೆಸುವವರಿಗೆ ಈ ವಿಮೆಯ ಆಸರೆಯೂ ಇಲ್ಲ. ಅವರಿಗೂ ವಿಮೆಯಿಲ್ಲದ ಕೂಲಿಕಾರರಿಗೂ ಅನುಕೂಲವಾಗುವಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಒಂಬತ್ತರವರೆಗೆ ಹೊರರೋಗಿಗಳನ್ನು ನೋಡುವ ಏರ್ಪಾಡಾಗಬೇಕೆಂದು ಒತ್ತಾಯಿಸುತ್ತೇವೆ. ನಗರಸಭೆಯ ಸದಸ್ಯರೂ ಶಾಸಕರೂ ಇದಕ್ಕೆ ಉತ್ತರ ಕೊಡಲಿ. ಅಲ್ಲಿಯವರೆಗೆ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ: ಚೀಟಿಯಿಲ್ಲದೆ ಕೆಂಪು ಗೆರೆಯ ಗುಳಿಗೆ ಕೊಳ್ಳಬೇಡಿ.